ಗೋಡೆಯ ಮೇಲಿನ ಮೂರು ಚುಕ್ಕೆ

ಈಗಿನ ಹೆಣ್ಣುಮಕ್ಕಳಿಗೆ ಕಾಡಿಗೆ ಅಂದರೆ ಅಂಗಡಿಯ ಡಬ್ಬಿ. ಅದರೊಳಗೆ ಏನು ಮಣ್ಣು ಕಲಸಿರುತ್ತಾರೋ ಆ ದೇವರೇ ಬಲ್ಲ. ಹೋದ ತಿಂಗಳು ನನ್ನ ತಮ್ಮನ ಮೊಮ್ಮಗಳು ಬಾಣಂತನಕ್ಕೆಂದು ಹುಣಸೂರಿಗೆ ಬಂದಾಗ, ಕೂಸಿನ ಕಣ್ಣಿಗೆ ಮನೆಯಲ್ಲೇ ಕಾಡಿಗೆ ಮಾಡಬೇಕು ಎಂದು ನಾನು ಹಟ ಹಿಡಿದೆ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿ ಕೂತೆ. ತುಸು ಹೊತ್ತಿಗೆ ಮಸಿ ಕಟ್ಟುವ ವಾಸನೆ ಬಂತು ನೋಡಿ, ಅಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಹೊಗೆ ಕಣ್ಣಿಗೆ ಹೋಯಿತೇ ಅಜ್ಜಿ ಎಂದು ಹುಡುಗಿ ಕೇಳಿದಳು. ಹೂಂ ಅಂದೆ. ಹೊಗೆಯಲ್ಲ. ಆ ವಾಸನೆಯ ಹಿಂದೆಯೇ ನನಗೆ ಕೋವಿಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತದೆ, ಒದ್ದೆ ಹುಲ್ಲಿನ ವಾಸನೆ ಬರುತ್ತದೆ, ನಾನು ಮದುವೆಯಾಗಿ ಹನಗೋಡಿನ ಪಕ್ಕದ ಹಳ್ಳಿಗೆ ಹೋದ ವರ್ಷದ ಮಳೆಗಾಲ ಪೂರ್ತಿ ಎದ್ದು ಬರುತ್ತದೆ.

ದೊಡ್ಡ ಮಹಾರಾಜರು ತೀರಿಕೊಂಡ ವರ್ಷ ಅದು. ಯುರೋಪಿನಲ್ಲಿ ಯುದ್ಧ ಹತ್ತಿಕೊಂಡು ಒಂದು ವರ್ಷವಾಗಿತ್ತು. ನಮ್ಮ ಕಡೆಗೆ ಅದರ ಬಿಸಿ ತಟ್ಟಿದ್ದು ಸೀಮೆಎಣ್ಣೆಯ ಅಭಾವದಲ್ಲಿ, ಮತ್ತೆ ಆಳು ಸೇರಿಸಿಕೊಳ್ಳಲು ಹುಣಸೂರಿನ ಸಂತೆಗೆ ಬಂದು ನಿಲ್ಲುತ್ತಿದ್ದ ದಂಡಿನವರಲ್ಲಿ. ಎದೆಯಗಲ ಇದ್ದ ಹುಡುಗರನ್ನು ಕಂಡರೆ ಕರೆದು ಮಾತಾಡಿಸುತ್ತಿದ್ದರು. ನಮ್ಮವರಿಗೆ ಎದೆಯಗಲವೂ ಇತ್ತು, ಹೋಗುವ ಆಸೆಯೂ ಇತ್ತು. ನಮ್ಮವರು ಅಂದರೆ ನನ್ನ ಗಂಡ. ಅವರ ಹೆಸರನ್ನು ನಾನು ಇವತ್ತಿನವರೆಗೆ ಬಾಯಲ್ಲಿ ಹೇಳಿಲ್ಲ, ಬರೆಯುವುದೂ ಇಲ್ಲ. ಹುಣಸೂರಿನ ಸ್ಕೂಲಿನಲ್ಲಿ ನಾಲ್ಕಕ್ಷರ ಕಲಿತವಳು ಹೀಗೆ ಮಾಡುತ್ತಾಳಲ್ಲ ಎಂದು ನಗುವವರು ನಗಲಿ.

ದಂಡಿನ ಹುಚ್ಚು ಅವರಿಗೆ ಹತ್ತಿದ್ದು ಅವರಪ್ಪನಿಂದ. ಮಾವ ಮೊದಲನೆಯ ಮಹಾಯುದ್ಧಕ್ಕೆ ಹೋಗಿ ಕಡಲಾಚೆ ಮರಳುಗಾಡು ನೋಡಿ ಬಂದವರು. ಆಮೇಲೆ ಕೊಡಗಿನ ಒಂದು ಕಾಫಿ ತೋಟದಲ್ಲಿ ಕಾವಲಿದ್ದರು. ಆ ತೋಟದ ದೊರೆ ತನ್ನ ದೇಶಕ್ಕೆ ಹಿಂದಿರುಗುವಾಗ ಕೊಟ್ಟು ಹೋದ, ಸಲಕ್ಕೆ ಒಂದೇ ತೋಟೆ, ಅಂದರೆ ಒಂದೇ ಗುಂಡು, ತುಂಬುವ ಹಳೆಯ ರೈಫಲ್ಲು ನಮ್ಮ ಮನೆಯಲ್ಲಿತ್ತು. ಹಂದಿಯಿಂದ ರಾಗಿ ಕಾಯಲು ಅಂತ ಸರ್ಕಾರದ ಲೈಸೆನ್ಸೂ ಇತ್ತು. ಅತ್ತೆಗೆ ಮಾತ್ರ ದಂಡು ಅನ್ನುವ ಮಾತು ಕೇಳಿದರೆ ಸಾಕು, ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಕುಕ್ಕುತ್ತಿದ್ದರು. ಗಂಡ ಬರುತ್ತಾನೋ ಇಲ್ಲವೋ ಎಂದು ಒಮ್ಮೆ ಕಾದ ಹೆಂಗಸು, ಉಳಿದಿರುವ ಒಬ್ಬನೇ ಮಗನಿಗಾಗಿ ಮತ್ತೆ ಕಾಯಲು ತಯಾರಿರಲಿಲ್ಲ.

ಆಗ ಕಾಡಿನ ಇಲಾಖೆಯ ರೇಂಜರು ಒಂದು ಸುದ್ದಿ ಹೊರಡಿಸಿದರು. ಕಾಡಂಚಿನ ಹಳ್ಳಿಗಳ ಬೆಳೆ ಕಾಯಲು, ಸಾಹೇಬರು ಕಾಡಿಗೆ ಬಂದಾಗ ಜೊತೆಗೆ ಹೋಗಲು, ಕೋವಿ ಹಿಡಿಯಬಲ್ಲ ಒಬ್ಬ ಗಾರ್ಡು ಬೇಕು. ವಿಜಯದಶಮಿಯ ಮಾರನೆಯ ದಿನ ಗುರಿ ಪರೀಕ್ಷೆ. ಅತ್ತೆ ಅದನ್ನೇ ಹಿಡಿದುಕೊಂಡರು. ಅತ್ತು ಕರೆದು ಮಗನಿಂದ ಮಾತು ತೆಗೆದುಕೊಂಡರು. ಗಾರ್ಡಿನ ಕೆಲಸ ಸಿಕ್ಕಿದರೆ ಊರಲ್ಲೇ ಇರಬೇಕು. ಸಿಗದಿದ್ದರೆ ದಂಡಿಗೆ ಹೋಗಲಿ, ತಾನು ಅಡ್ಡ ಬರುವುದಿಲ್ಲ. ಇಬ್ಬರೂ ಮನೆದೇವರ ಮುಂದೆ ಒಪ್ಪಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ, ಆಗ ಕೇಳುವ ಪದ್ಧತಿಯೂ ಇರಲಿಲ್ಲ. ಆದರೆ ನನ್ನ ಬದುಕೂ ಆ ಪರೀಕ್ಷೆಯ ಮೇಲೆಯೇ ನಿಂತಿತು.

ಆ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಹೊಸ ಸೊಸೆ ಹಿರಿಯರ ಎದುರು ಗಂಡನಿಗೆ ನೀರು ಕೊಟ್ಟರೂ ಚೊಂಬನ್ನು ನೆಲದ ಮೇಲಿಟ್ಟು ಸರಿದು ನಿಲ್ಲಬೇಕು. ಅಂಥ ಮನೆಯಲ್ಲಿ ನಮಗೆ ಮಾತಾಡುವ ದಾರಿ ಮಾಡಿಕೊಟ್ಟಿದ್ದು ಆ ಕೋವಿ ಅಂದರೆ ನೀವು ನಂಬುತ್ತೀರೋ ಇಲ್ಲವೋ.

ಯುದ್ಧ ಬಂದ ಮೇಲೆ ತೋಟೆ ಸಿಗುವುದು ಕಷ್ಟವಾಗಿತ್ತು. ಅದಕ್ಕೆ ಮಾವ ಗುಂಡಿಲ್ಲದೆ ಗುರಿ ಕಲಿಸುವ ದಂಡಿನ ಪಲ್ಟನ್ನಿನ ಪದ್ಧತಿಯೊಂದನ್ನು ಶುರುಮಾಡಿದರು. ಜಗುಲಿಯಲ್ಲಿ ರಾಗಿ ಮೂಟೆಯ ಮೇಲೆ ಕೋವಿಯನ್ನು ಅಲ್ಲಾಡದಂತೆ ಕೂರಿಸುವುದು. ಅಂಗಳದಾಚೆ ಕೊಟ್ಟಿಗೆಯ ಸುಣ್ಣದ ಗೋಡೆ. ಸೀಮೆಎಣ್ಣೆ ಡಬ್ಬದಿಂದ ಕತ್ತರಿಸಿದ ಒಂದು ತಗಡಿನ ಬಿಲ್ಲೆ, ಅದಕ್ಕೆ ಕಾಡಿಗೆ ಬಳಿದು ಕಪ್ಪು ಮಾಡಿ, ನಡುವೆ ಸೂಜಿ ಹೋಗುವಷ್ಟು ತೂತು. ಒಬ್ಬರು ಗೋಡೆಯ ಹತ್ತಿರ ಆ ಬಿಲ್ಲೆ ಹಿಡಿದು ನಿಲ್ಲಬೇಕು. ಗುರಿ ನೋಡುವವನು ಕೋವಿಯನ್ನು ಮುಟ್ಟದೆ, ನಳಿಗೆಯ ಹಿಂದಿನ ಕಚ್ಚಿನ ಸಂದಿನಲ್ಲಿ ಕಣ್ಣಿಟ್ಟು, ಬಿಲ್ಲೆಯನ್ನು ಎಡಕ್ಕೆ ಬಲಕ್ಕೆ ಸರಿಸಲು ಹೇಳುತ್ತಾನೆ. ಅದು ಸರಿಯಾಗಿ ಗುರಿಗೆ ಬಂದಾಗ ನಿಲ್ಲು ಅನ್ನುತ್ತಾನೆ. ಆಗ ತೂತಿನಲ್ಲಿ ಸೂಜಿ ಚುಚ್ಚಿ ಗೋಡೆಯ ಮೇಲೆ ಚುಕ್ಕೆ ಮಾಡಬೇಕು. ಹೀಗೆ ಮೂರು ಸಲ. ಕೋವಿ ಅಲ್ಲಾಡಿಲ್ಲ, ಆದ್ದರಿಂದ ಮೂರು ಚುಕ್ಕೆಯೂ ಒಂದೇ ಜಾಗದಲ್ಲಿ ಬೀಳಬೇಕು. ದೂರ ದೂರ ಬಿದ್ದರೆ ಕಣ್ಣು ಒಂದೊಂದು ಸಲ ಒಂದೊಂದು ಥರ ನೋಡಿದೆ ಎಂದು ಅರ್ಥ.

ಬಿಲ್ಲೆ ಹಿಡಿಯಲು ಮನೆಯಲ್ಲಿ ಬೇರೆ ಯಾರಿದ್ದಾರೆ? ಅತ್ತೆಗೆ ಒಲೆ ಬಿಟ್ಟು ಬರುವ ಹಾಗಿಲ್ಲ, ಮಾವ ಮಗನ ಪಕ್ಕ ನಿಂತು ಹೇಳಿಕೊಡಬೇಕು. ಮಾವ ನನ್ನನ್ನು ಕರೆದು ಬಿಲ್ಲೆ ಕೈಗಿಟ್ಟರು. ಕಾಡಿಗೆ ಸೊಸೆಯದೇ ತಾನೆ, ಮೆತ್ತಿದರೂ ಅವಳ ಕೈಗೇ ಮೆತ್ತಲಿ ಎಂದು ತಮಾಷೆಯನ್ನೂ ಮಾಡಿದರು.

ಶ್ರಾವಣ, ಭಾದ್ರಪದ ಪೂರ್ತಿ ಹೀಗೆ ನಡೆಯಿತು. ಮಳೆ ಹೊಳವು ಕೊಟ್ಟ ಹೊತ್ತು ನೋಡಿ ನಾನು ಗೋಡೆಯ ಹತ್ತಿರ ಹೋಗುತ್ತಿದ್ದೆ. ಸೂರಿನಿಂದ ನೀರು ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು, ಒಳಗಿನಿಂದ ಎಮ್ಮೆ ಉಸಿರು ಬಿಡುತ್ತಿತ್ತು. ಅಂಗಳದಾಚೆಯಿಂದ ನಮ್ಮವರ ದನಿ. ಎಡಕ್ಕೆ. ಇನ್ನೊಂಚೂರು. ಸಾಕು, ಮ್ಯಾಲಕ್ಕೆ. ನಿಲ್ಲು. ಇಷ್ಟೇ ಮಾತು. ಮಾವ ಪಕ್ಕದಲ್ಲೇ ಇದ್ದಾರೆ, ಅತ್ತೆ ಒಲೆಯ ಮುಂದಿನಿಂದ ಕೇಳಿಸಿಕೊಳ್ಳುತ್ತಿದ್ದಾರೆ, ಆದರೂ ನಮ್ಮವರು ನನ್ನೊಡನೆ ಮಾತಾಡುತ್ತಿದ್ದಾರೆ, ಯಾರೂ ತಪ್ಪು ಹೇಳುವಂತಿಲ್ಲ! ಬೇಕೆಂದೇ ನಾನು ಬಿಲ್ಲೆಯನ್ನು ತುಸು ಹೆಚ್ಚು ಸರಿಸುತ್ತಿದ್ದೆ, ಇನ್ನೊಂದು ಮಾತು ಸಿಗಲಿ ಅಂತ. ಅವರೂ ಬೇಕೆಂದೇ ಅತ್ತ ಇತ್ತ ಸರಿಸುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಮೊದಮೊದಲು ಮೂರು ಚುಕ್ಕೆಗಳ ನಡುವೆ ಒಂದು ಬೆಲ್ಲದಚ್ಚು ಇಡಬಹುದಿತ್ತು. ಮಾವ ಬಂದು ನೋಡಿ ತಲೆ ಚಚ್ಚಿಕೊಂಡರು. ನಳಿಗೆಯ ತುದಿಯಲ್ಲಿ ನಿಂತಿರುವ ಮೊಳೆಗೆ ಪಲ್ಟನ್ನಿನ ಮಾತಿನಲ್ಲಿ ಮಕ್ಕಿ, ಅಂದರೆ ನೊಣ, ಎನ್ನುತ್ತಿದ್ದರು. ಹಿಂದಿನ ಕಚ್ಚು, ತುದಿಯ ಮಕ್ಕಿ, ದೂರದ ಗುರಿ, ಈ ಮೂರನ್ನೂ ಮನುಷ್ಯನ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು, ಒಂದನ್ನು ಆರಿಸಿಕೊಳ್ಳಬೇಕು ಎನ್ನುವುದು ಅವರ ಪಾಠ. ಹುಡುಗರೆಲ್ಲ ಗುರಿಯನ್ನು ಆರಿಸಿಕೊಂಡು ಕೆಡುತ್ತಾರಂತೆ.

"ಲೇ, ಗುರಿ ನೋಡ್ಬ್ಯಾಡ ಕಣ್ಲಾ, ಗುರಿ ಇಡ್ಕಂಡೋರನ್ನೂ ನೋಡ್ಬ್ಯಾಡ. ಮಕ್ಕಿ ನೋಡು. ಗುರಿ ಮಬ್ಬಾದ್ರೆ ಆಗ್ಲಿ ಬುಡು, ಅದೆಲ್ಲೂ ಓಗಕಿಲ್ಲ."

ನಾನು ಗೋಡೆಯ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡೆ. ಅವತ್ತಿನಿಂದ ಚುಕ್ಕೆಗಳು ಹತ್ತಿರವಾದವು. ಬಿಸಿಲಲ್ಲಿ ಮಕ್ಕಿ ಮಿರುಗಿದರೆ ಕಣ್ಣು ಮೋಸಹೋಗುತ್ತದೆ ಎಂದು ಅದಕ್ಕೂ ದಿನಾ ನನ್ನ ಕಾಡಿಗೆಯೇ. ನನ್ನ ಕಣ್ಣಿಗೆ ಹಚ್ಚಿಕೊಂಡ ಬೆರಳಲ್ಲೇ ಅವರ ಕೋವಿಗೂ ಹಚ್ಚಿ ಕೊಡುತ್ತಿದ್ದೆ. ಮಾವನಿಗೆ ಮಕ್ಕಿಯ ವಿಷಯದಲ್ಲಿ ಎಂಥ ನಿಷ್ಠೆಯೆಂದರೆ, ಅದರ ಮೇಲೆ ಒಂದು ಧೂಳಿನ ಕಣ ಕೂರಗೊಡುತ್ತಿರಲಿಲ್ಲ. ಇಲ್ಲಿ ಅಕ್ಕಿನುಚ್ಚಿನಷ್ಟು ತಪ್ಪಿದರೆ ಅಲ್ಲಿ ಗೇಣು ತಪ್ಪುತ್ತದೆ ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮೂರೂ ಚುಕ್ಕೆಗಳನ್ನು ಒಂದು ಹುಣಸೆಬೀಜ ಮುಚ್ಚುತ್ತಿತ್ತು. ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತು. ಕೆಲಸ ಸಿಕ್ಕಿತು ಎಂದೇ ನಾವೆಲ್ಲ ತಿಳಿದುಕೊಂಡೆವು.

ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಮಚ್ಚು ಎಲ್ಲದರ ಜೊತೆ ಕೋವಿಯನ್ನೂ ಮಣೆಯ ಮೇಲಿಟ್ಟರು. ಅತ್ತೆ ಉಪವಾಸವಿದ್ದು, ತಾವೇ ಗಂಧ ತೇದು, ಕೋವಿಗೆ ಹಿಡಿಯಿಂದ ತುದಿಯವರೆಗೆ ಬೊಟ್ಟಿಟ್ಟರು. ಮಗ ಊರಲ್ಲೇ ಉಳಿಯಬೇಕು ಎಂದು ಬೇಡಿಕೊಂಡು ಇಟ್ಟದ್ದು, ಮಿಕ್ಕ ಆಯುಧಗಳಿಗಿಂತ ತುಸು ದಪ್ಪವಾಗಿಯೇ ಇಟ್ಟರು. ಅದರಲ್ಲೊಂದು ಬೊಟ್ಟು ಮಕ್ಕಿಯ ಬಲಮಗ್ಗುಲಿಗೆ ಅಂಟಿ ಒಣಗಿ ಗಟ್ಟಿಯಾಯಿತು.

ಆ ಮನೆಯಲ್ಲಿ ಪೂಜೆಯ ಗಂಧ ಕುಂಕುಮವನ್ನು ಕೈಯಾರೆ ಒರೆಸುವಂತಿಲ್ಲ, ತಾನಾಗಿ ಉದುರಬೇಕು. ಪರೀಕ್ಷೆಯ ಬೆಳಿಗ್ಗೆ ನಮ್ಮವರು ಮಕ್ಕಿಯನ್ನು ನೋಡಿ ಅವ್ವನ ಮುಖ ನೋಡಿದರು. ಅತ್ತೆಗೂ ಅರ್ಥವಾಯಿತು.

"ನಾನಿಟ್ಟ ಗಂಧ ಒರಸ್ಬ್ಯಾಡ ಮಗ," ಅಂದರು. "ಬೇಕಾರೆ ಅದ್ರ ಮ್ಯಾಲೇ ಮಸಿ ಬಳ್ಕೊ."

ಒರೆಸಬಾರದು, ಮೇಲೆ ಬಳಿಯಬಹುದು. ಆ ಕ್ಷಣಕ್ಕೆ ಅದು ಎಲ್ಲರಿಗೂ ಒಳ್ಳೆಯ ತೀರ್ಮಾನವಾಗಿಯೇ ಕಂಡಿತು. ನಮ್ಮವರು ಮಾವನ ಕಡೆ ತಿರುಗಿದರು. ಎರಡು ತಿಂಗಳು ಅಕ್ಕಿನುಚ್ಚಿನ ಪಾಠ ಹೇಳಿದ್ದ ಆ ಮಹಾನುಭಾವರು ಹೆಂಡತಿಯ ಮುಂದೆ ಅದನ್ನು ಅಲ್ಲೇ ನುಂಗಿ, ಅಷ್ಟಕ್ಕೆಲ್ಲ ಏನೂ ಆಗದು ಎಂದುಬಿಟ್ಟರು. ಕಡಲಾಚೆಯ ಗುಂಡಿಗೆ ಹೆದರದವರು ಒಲೆಯ ಮುಂದೆ ಹೆದರುತ್ತಾರೆ. ನಮ್ಮವರು ಗಂಧದ ಮೇಲೆಯೇ ಕಾಡಿಗೆ ಹಚ್ಚಿಕೊಂಡರು. ಮೊಳೆಯೂ ಗಂಧವೂ ಸೇರಿ ಒಂದೇ ಕಪ್ಪಾಯಿತು.

ಕಾಡಿನ ಬಂಗಲೆಯ ಹಿಂದಿನ ಬಯಲಲ್ಲಿ ಪರೀಕ್ಷೆ. ನೂರೈವತ್ತು ಗಜ ದೂರದಲ್ಲಿ ಸುಣ್ಣ ಬಳಿದ ಹಲಗೆ, ನಡುವೆ ಮಡಕೆ ಬಾಯಿಯಷ್ಟು ಕಪ್ಪು. ಒಬ್ಬೊಬ್ಬರಿಗೆ ಒಂದೊಂದು ಹಲಗೆ, ಐದೈದು ಗುಂಡು. ಕಪ್ಪಿನೊಳಗೆ ಯಾರದು ಹೆಚ್ಚು ಬೀಳುತ್ತದೋ ಅವರಿಗೆ ಕೆಲಸ. ಹುಣಸೂರಿಗೆ ಬಂದಿದ್ದ ದಂಡಿನ ಹವಾಲ್ದಾರರೊಬ್ಬರನ್ನು ಗುರಿ ಬಲ್ಲವರು ಅಂತ ರೇಂಜರು ಕರೆಸಿಕೊಂಡಿದ್ದರು. ಊರಿಗೆ ಊರೇ ನೋಡಲು ಬಂದಿತ್ತು, ನಾನೂ ಅತ್ತೆಯೂ ಹೆಂಗಸರ ಜೊತೆ ಬದುವಿನ ಮೇಲೆ ನಿಂತಿದ್ದೆವು.

ಮೊದಲು ಹೊಡೆದದ್ದು ಪಕ್ಕದ ಹಳ್ಳಿಯ ಚೆಲುವಯ್ಯ. ಸಾಧು ಹುಡುಗ, ಇಲಾಖೆಯ ಕೋವಿ ಹಿಡಿದು ಹೊಡೆದ. ಗುಂಡುಗಳು ಹಲಗೆಯ ತುಂಬ ಚೆಲ್ಲಾಡಿದವು, ಎರಡು ಕಪ್ಪಿನೊಳಗೆ ಬಿದ್ದವು. ಮಿಕ್ಕವರದು ಒಂದೂ ಬೀಳಲಿಲ್ಲ. ಕೊನೆಗೆ ನಮ್ಮವರು ಮನೆಯ ಕೋವಿ ಹಿಡಿದು ಬೋರಲು ಮಲಗಿದರು. ಅವರು ಉಸಿರು ಹಿಡಿದಾಗ ನಾನೂ ಹಿಡಿದೆ, ಬಿಟ್ಟಾಗ ಬಿಟ್ಟೆ. ಐದೂ ಗುಂಡು ನಿಧಾನವಾಗಿ, ಒಂದೇ ಹದದಲ್ಲಿ ಹೊಡೆದರು. ಎದ್ದು ನಿಂತಾಗ ಅವರ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹಲಗೆ ತಂದರು. ಕಪ್ಪಿನೊಳಗೆ ಒಂದೂ ಇಲ್ಲ. ಎಡಗಡೆ, ಕಪ್ಪಿನಿಂದ ಗೇಣಿನಾಚೆ, ಐದು ತೂತು ಒಂದರ ಪಕ್ಕ ಒಂದು ಕೂತಿದ್ದವು. ಜನ ಅಯ್ಯೋ ಅಂದರು. ಹವಾಲ್ದಾರರು ಮಾತ್ರ ಹಲಗೆಯ ಹತ್ತಿರ ಬಂದು, ಬಗ್ಗಿ, ತಮ್ಮ ಅಂಗೈಯನ್ನು ಆ ತೂತುಗಳ ಮೇಲಿಟ್ಟರು. ಐದೂ ಅಂಗೈಯ ಕೆಳಗೆ ಮುಚ್ಚಿಹೋದವು.

"ರೇಂಜರ್ ಸಾಬ್, ಈ ಹುಡುಗ ತಪ್ಪು ಹೊಡೆದಿಲ್ಲ," ಅಂದರು. "ಇವನ ಕೋವಿ ತಪ್ಪು ನೋಡ್ತಾ ಇದೆ."

ಕೋವಿ ತೆಗೆದುಕೊಂಡು ಮಕ್ಕಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದರು. ಕಪ್ಪಿನ ಕೆಳಗಿನಿಂದ ಬಿಳಿ ಗಂಧ ಹೊರಬಂತು. ಬಲಕ್ಕೆ ಗಂಧ ಮೆತ್ತಿ ದಪ್ಪವಾದ ಮಕ್ಕಿಯನ್ನು ಕಚ್ಚಿನ ನಡುವಿಗೆ ತರಲು ಹೋಗಿ ನಳಿಗೆ ಅಷ್ಟಷ್ಟೇ ಎಡಕ್ಕೆ ಸರಿದಿತ್ತು. ಇದೇನು ಎಂದು ಕೇಳಿದರು. ಅತ್ತೆ ಬದುವಿನ ಮೇಲಿನಿಂದಲೇ, ದೇವರ ಗಂಧ ಕಣಪ್ಪ ಅಂದರು. ಹವಾಲ್ದಾರರು ಅದನ್ನು ನೆಲಕ್ಕೆ ಹಾಕಲಿಲ್ಲ. ಒಂದು ಎಲೆ ಕಿತ್ತು ಅದರ ಮೇಲೆ ಇಟ್ಟು, ಒಬ್ಬ ಮುದುಕನ ಕೈಗೆ ಕೊಟ್ಟರು. ಆಮೇಲೆ ತಮ್ಮದೇ ಲೆಕ್ಕದಲ್ಲಿ ಒಂದು ತೋಟೆ ಕೊಡಿಸಿ, ಹೊಡಿ ಅಂದರು. ಅದು ಕಪ್ಪಿನ ನಟ್ಟನಡುವೆ ಬಿತ್ತು.

ರೇಂಜರು ಕೆಟ್ಟವರಲ್ಲ. ಐದು ಗುಂಡು ಅಂದಮೇಲೆ ಐದು ಗುಂಡು, ಆರನೆಯದನ್ನು ಎಣಿಸಿದರೆ ಚೆಲುವಯ್ಯನಿಗೆ ಅನ್ಯಾಯ ಎಂದರು. ಅದೂ ಸರಿಯೇ. ಕೆಲಸ ಚೆಲುವಯ್ಯನಿಗಾಯಿತು. ಹವಾಲ್ದಾರರು ನಮ್ಮವರ ಹೆಗಲ ಮೇಲೆ ಕೈಯಿಟ್ಟು, ಇಂಥ ಕಣ್ಣು ಹಂದಿ ಕಾಯಲು ಅಲ್ಲ, ನಮ್ಮಲ್ಲಿಗೆ ಬಾ ಅಂದರು. ಆಗ ನಮ್ಮವರ ಮುಖ ಅರಳಿದ್ದನ್ನು ನಾನು ನೋಡಿದೆ. ನನ್ನನ್ನು ಮದುವೆಯಾದ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ, ಸುಳ್ಳೇಕೆ ಹೇಳಲಿ.

ಊರಿನ ಬಾಯಿಗೆ ಬೀಗ ಎಲ್ಲಿ? ತಾಯಿ ಇಟ್ಟ ಗಂಧವೇ ಮಗನ ಅನ್ನ ಕಳೆಯಿತು ಎಂದು ಬಾವಿಕಟ್ಟೆಯಲ್ಲಿ ಮಾತು ಶುರುವಾಯಿತು. ಅತ್ತೆ ನೀರಿಗೆ ಹೋಗುವುದನ್ನೇ ಬಿಟ್ಟರು. ಒಂದು ಬೆಳಿಗ್ಗೆ, ಹಿರಿಯರು ಏಳುವ ಮೊದಲು, ನಾನು ಹಾಲು ಕರೆಯುತ್ತಿದ್ದಾಗ ನಮ್ಮವರು ಕೊಟ್ಟಿಗೆಗೆ ಬಂದು ಕರುವನ್ನು ಹಿಡಿದುಕೊಂಡು ನಿಂತರು. ಮನೆದೇವರ ಮುಂದೆ ಆಡಿದ ಮಾತು ನನಗೂ ಗೊತ್ತಿತ್ತು. ಆದರೂ ತಡೆಯಲಾಗದೆ ಕೇಳಿದೆ.

"ನೀವು ಓಗ್ಲೇಬೇಕಾ?"

"ಇಲ್ಲೇ ಕುಂತ್ಕಂಡ್ರೆ ಸಾಯೋಗಂಟ ಅವ್ವನ್ನ ಆಡ್ಕತಾರೆ ಕಣೆ," ಅಂದರು. "ನಾನೇ ಆಸೆಪಟ್ಟು ಓದೆ ಅಂದ್ರೆ ಬಾಯಿ ಮುಚ್ಕತಾರೆ. ಬತ್ತೀನಿ. ಎಲ್ಲೋಗ್ತೀನಿ ನಾನು?"

ಅವ್ವನಿಗಾಗಿ ಹೋಗುತ್ತೇನೆಂದದ್ದು ನಿಜ, ಆಸೆಯಿಂದ ಹೋಗುತ್ತಿದ್ದದ್ದೂ ನಿಜ. ಎರಡರಲ್ಲಿ ಯಾವುದಕ್ಕೆ ಸಿಟ್ಟುಮಾಡಿಕೊಳ್ಳುವುದು ಎಂದು ತಿಳಿಯದೆ ನಾನು ಮತ್ತೆ ಕೆಚ್ಚಲಿಗೆ ಕೈಹಾಕಿದೆ.

ಹೊರಡುವ ಹಿಂದಿನ ದಿನ ಮಾವ ಅತ್ತೆ ಇಬ್ಬರೂ ಹೊಲಕ್ಕೆ ಹೋಗಿದ್ದರು. ನಮ್ಮವರು ಕೋವಿಯನ್ನು ಮೂಟೆಯ ಮೇಲಿಟ್ಟು, ಬಿಲ್ಲೆ ತಗೊಂಡು ಬಾ ಅಂದರು. ಪರೀಕ್ಷೆ ಮುಗಿದ ಮೇಲೆ ಇದೇತಕ್ಕೆ ಎಂದು ನಾನು ಕೇಳಲಿಲ್ಲ. ಗೋಡೆಯ ಹತ್ತಿರ ನಿಂತೆ. ಎಡಕ್ಕೆ ಅಂದರು. ಕೆಳಕ್ಕೆ ಅಂದರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ನಿಲ್ಲು ಅಂದರು. ನಾನು ಚುಚ್ಚಿದೆ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ನಿಲ್ಲು ಅನ್ನುವ ಮಾತೇ ಬರಲಿಲ್ಲ. ಕೈ ಸೋಲುವವರೆಗೆ ಕಾದು ತಿರುಗಿ ನೋಡಿದರೆ, ಅವರು ಕೋವಿಯಿಂದ ತಲೆಯೆತ್ತಿ ಸುಮ್ಮನೆ ನನ್ನನ್ನೇ ನೋಡುತ್ತ ಕೂತಿದ್ದರು. ಹಿರಿಯರಿಲ್ಲದ ಹಗಲು ನಮಗೆ ಸಿಕ್ಕಿದ್ದು ಅದೊಂದೇ, ಅದರಲ್ಲೂ ನಾವು ಮಾತಾಡಲಿಲ್ಲ.

ರಾಗಿ ಕೊಯ್ಲಿಗೆ ಅವರಿರಲಿಲ್ಲ. ಮೊದಲು ಬೆಂಗಳೂರು, ಆಮೇಲೆ ಹಡಗು ಹತ್ತಿ ಮಲಯ ದೇಶ. ಅಲ್ಲಿ ಜಪಾನಿನವರು ಬಂದ ಮೇಲೆ ಅವರ ಸುದ್ದಿ ನಿಂತುಹೋಯಿತು. ಸತ್ತರು ಎಂದು ಯಾರೂ ಹೇಳಲಿಲ್ಲ, ಕಾಣೆಯಾದವರಲ್ಲಿ ಸೇರಿದ್ದಾರೆ ಎಂದಷ್ಟೇ ತಿಳಿಯಿತು. ಯುದ್ಧ ಮುಗಿದು ಸೆರೆಯಲ್ಲಿದ್ದವರು ಒಬ್ಬೊಬ್ಬರಾಗಿ ಊರಿಗೆ ಬಂದರು. ಮಾವ ಮೈಸೂರಿಗೆ ಹೋಗಿ ಅವರನ್ನೆಲ್ಲ ಕೇಳಿ ಬಂದರು. ಕಂಡವರು ಯಾರೂ ಇರಲಿಲ್ಲ. ಬಳಗದವರು ನನ್ನ ಕುಂಕುಮದ ಮಾತೆತ್ತಿದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು, ನನ್ನ ಮಗ ಕಾಣೆಯಾಗಿದ್ದಾನೆ, ಸತ್ತಿಲ್ಲ ಎಂದು ಅವರನ್ನು ಹೊರಗೆ ಕಳಿಸಿದರು. ಅತ್ತೆ ಮಾವ ಇಬ್ಬರೂ ಹೋಗುವವರೆಗೆ ನಾನು ಆ ಮನೆಯಲ್ಲೇ ಇದ್ದು ಹೊಲ ನೋಡಿಕೊಂಡೆ. ಹುಣಸೂರಿಗೆ ತಮ್ಮನ ಮನೆಗೆ ಬಂದದ್ದು ಆಮೇಲೆ.

ಗಾರ್ಡಿನ ಕೆಲಸವನ್ನು ಚೆಲುವಯ್ಯ ಚೆನ್ನಾಗಿಯೇ ಮಾಡಿದ. ಅವನ ಮೇಲೆ ನನಗೆ ಯಾವತ್ತೂ ಹೊಟ್ಟೆಕಿಚ್ಚಿರಲಿಲ್ಲ. ರಾಗಿ ತೆನೆ ಬಲಿಯುವ ಕಾಲದಲ್ಲಿ ಪ್ರತಿ ಸಂಜೆ ಖಾಕಿ ತೊಟ್ಟು, ಹೆಗಲಿಗೆ ಕೋವಿ ಹಾಕಿಕೊಂಡು ನಮ್ಮ ಹೊಲದ ಬದುವಿನ ಮೇಲೆ ಬರುತ್ತಿದ್ದ. ಅಷ್ಟು ದೂರದಿಂದ ಮುಖ ಗುರುತು ಸಿಗುವುದಿಲ್ಲ, ಆಳು ಬರುತ್ತಿರುವುದು ಮಾತ್ರ ಕಾಣುತ್ತದೆ. ಹುಲ್ಲು ಕೊಯ್ಯುತ್ತ ಕೂತಿದ್ದವಳು ನಾನು ಧಡಕ್ಕನೆ ಎದ್ದು ನಿಲ್ಲುತ್ತಿದ್ದೆ. ಹತ್ತಿರ ಬಂದ ಮೇಲೆ ಅವನೇ ಎಂದು ತಿಳಿದು ಮತ್ತೆ ಕೂರುತ್ತಿದ್ದೆ. ಅವನು ಇದನ್ನು ಒಂದೆರಡು ವರ್ಷ ನೋಡಿರಬೇಕು. ಯಾಕೆಂದು ಒಂದು ದಿನವೂ ಕೇಳಲಿಲ್ಲ. ಆದರೆ ಆಮೇಲಿನಿಂದ, ಬದುವಿನ ತಿರುವು ಹತ್ತುವ ಮೊದಲೇ, ಹೊಂಗೆಮರದ ಹತ್ತಿರದಿಂದ ಕೂಗಿ ಹೇಳಿ ಬರುವುದನ್ನು ರೂಢಿ ಮಾಡಿಕೊಂಡ.

"ನಾನು ಕಣಕ್ಕ, ಚೆಲುವಯ್ಯ."

ಆ ಕೂಗು ಕೇಳಿದ ಮೇಲೂ ನಾನು ಎದ್ದು ನಿಂತು ನೋಡುತ್ತಿದ್ದೆ.